ಕೊರಿಯಾದ ವಸ್ತುಸಂಗ್ರಹಾಲಯ, ಜಾನಪದ ಮತ್ತು ಊರಹಬ್ಬಗಳು: ಸೆಪ್ಟೆಂಬರ್ ಕೊನೆಗೆ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ತುರುವೇಕೆರೆ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಮ್ಮ ಸುತ್ತಿನ ಹಳ್ಳಿಗಳ ಸೋಮನ ಕುಣಿತ, ಊರಹಬ್ಬ, ಜಾತ್ರೆಗಳ ವಿವರಗಳನ್ನು ಬರೆದಿಟ್ಟುಕೊಳ್ಳುವುದು ಬಹಳ ಕಾಲದ ರೂಢಿ. ಮಗಳು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. 2026ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿ ಎರಡು ವಾರದಷ್ಟು ಇದ್ದು ಬರುವುದೆಂದು ನಿಶ್ಚಯವಾಗಿದೆ. ಅಕ್ಟೋಬರ್ 10ಕ್ಕೆ ಮಾರ್ಲಮಿ ಇರುವುದರಿಂದ, ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಊರಿನಲ್ಲಿ ಇರಲೇಬೇಕು.

ನನ್ನ ಕುತೂಹಲವೆಲ್ಲ ಒಂದೇ ವಿಷಯದ ಸುತ್ತ ಇದೆ. ನಮ್ಮಲ್ಲಿ ಸೋಮನ ಮುಖವಾಡ ಬರಿಯ ವೇಷದ ಸಾಮಾನಲ್ಲ. ಅದಕ್ಕೆ ಪೂಜೆ ಸಲ್ಲುತ್ತದೆ, ಅದನ್ನು ಹೊರುವವರಿಗೆ ಮಡಿಯಿದೆ, ಅರೆ ಎಂಬ ವಾದ್ಯದ ಪೆಟ್ಟು ಬಿದ್ದು ಕುಣಿತ ಏರಿದಾಗಲೇ ಅದು ಗ್ರಾಮದೇವತೆಯ ಕಾವಲು ಬಂಟನಾಗಿ ಜನರ ಮುಂದೆ ನಿಲ್ಲುತ್ತದೆ. ಅದೇ ಮುಖವಾಡವನ್ನು ಸಂಗ್ರಹಾಲಯದ ಗೋಡೆಗೆ ತೂಗುಹಾಕಿ, ಕೆಳಗೆ ಎತ್ತರ, ಅಗಲ, ಕಾಲ ಎಂದು ಚೀಟಿ ಅಂಟಿಸಿದರೆ, ನೋಡುವವರಿಗೆ ಬಣ್ಣ ಬಳಿದ ಮರ ಕಂಡೀತೇ ಹೊರತು ಸೋಮ ಕಾಣುವುದಿಲ್ಲ. ಕೊರಿಯಾದ ಮುಖವಾಡದ ಕುಣಿತಗಳನ್ನು ಯುನೆಸ್ಕೊ 2022ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂದು ಓದಿದಾಗಿನಿಂದ, ಆ ನಾಡಿನವರು ಗಾಜಿನ ಪೆಟ್ಟಿಗೆಗೂ ಊರಹಬ್ಬದ ಅಂಗಳಕ್ಕೂ ನಡುವಿನ ಈ ದೂರವನ್ನು ಹೇಗೆ ನಿಭಾಯಿಸುತ್ತಿದ್ದಾರೆ ಎಂಬುದನ್ನು ಕಣ್ಣಾರೆ ನೋಡುವ ಆಸೆ ಬಲವಾಗಿದೆ.

ಪ್ರವಾಸ ಏರ್ಪಡಿಸುವವರೊಬ್ಬರು ಕೊಟ್ಟ ಪಟ್ಟಿಯಲ್ಲಿ ಎತ್ತರದ ಗೋಪುರಗಳು, ಅಂಗಡಿ ಬೀದಿಗಳು, ಧಾರಾವಾಹಿಗಳ ಚಿತ್ರೀಕರಣ ನಡೆದ ಜಾಗಗಳೇ ತುಂಬಿವೆ. ಅವು ನಮಗೆ ಬೇಡ. ಆ ದಿನಗಳಲ್ಲಿ ನಡೆಯುವ ಹಬ್ಬ ಯಾವುದು, ಯಾವ ಸಂಗ್ರಹಾಲಯವನ್ನು ಯಾವುದರ ನಂತರ ನೋಡಿದರೆ ತಿಳಿವಳಿಕೆ ಬೆಳೆಯುತ್ತದೆ, ಹೊರಗಿನವರು ಹೋಗಬಹುದಾದ ಹಳ್ಳಿ ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನಾವಿಬ್ಬರೂ ಸಸ್ಯಾಹಾರಿಗಳು; ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈ ಬಗ್ಗೆಯೂ ಒಂದೆರಡು ಮಾತು ಬರೆದರೆ ಉಪಕಾರವಾಗುತ್ತದೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಮೇಷ್ಟ್ರೇ, ನಮಸ್ಕಾರ. ವಿದ್ಯಾಭ್ಯಾಸಕ್ಕೆಂದು ಕೆಲವು ವರ್ಷ ಸೋಲ್‌ನಲ್ಲಿದ್ದವನು ನಾನು. ನಿಮ್ಮ ಪ್ರಶ್ನೆಯನ್ನು ಓದಿದ ಕೂಡಲೇ ನೆನಪಾದ ಊರು ಆಂದೊಂಗ್, ಮತ್ತು ಅದರ ಹತ್ತಿರದ ಹಾಹ್ವೆ ಎಂಬ ಹಳ್ಳಿ. ನಿಮ್ಮ ಎರಡು ವಾರಗಳನ್ನು ಈ ಒಂದು ಜಾಗವನ್ನು ನಡುವೆ ಇಟ್ಟುಕೊಂಡು ಜೋಡಿಸಿಕೊಳ್ಳಿ ಎಂಬುದು ನನ್ನ ಬಲವಾದ ಸಲಹೆ. ಆಂದೊಂಗ್ ಅಂತರರಾಷ್ಟ್ರೀಯ ಮುಖವಾಡ ನೃತ್ಯೋತ್ಸವ 1997ರಿಂದ ನಡೆದುಬರುತ್ತಿದ್ದು, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಬರುತ್ತದೆ. ಈ ವರ್ಷದ ದಿನಾಂಕಗಳನ್ನು ಉತ್ಸವದ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡು ಟಿಕೆಟ್ಟು ಮಾಡಿಸಲು ಮಗಳಿಗೆ ಹೇಳಿ.

ಹಾಹ್ವೆ ಹಳ್ಳಿಯಲ್ಲಿ ನಕ್ದೊಂಗ್ ನದಿ ಊರನ್ನು ಬಳಸಿ ಹರಿಯುತ್ತದೆ. ರ್ಯು ಮನೆತನದವರು ಸುಮಾರು ಆರು ನೂರು ವರ್ಷಗಳಿಂದ ಬಾಳುತ್ತಿರುವ ಊರು ಅದು. ಇಂದಿಗೂ ಹಂಚಿನ ದೊಡ್ಡ ಮನೆಗಳಲ್ಲಿಯೂ ಹುಲ್ಲು ಹೊದಿಸಿದ ಚಿಕ್ಕ ಮನೆಗಳಲ್ಲಿಯೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2010ರಲ್ಲಿ ಯಾಂಗ್‌ದೊಂಗ್ ಎಂಬ ಇನ್ನೊಂದು ಹಳ್ಳಿಯೊಂದಿಗೆ ಇದು ವಿಶ್ವ ಪರಂಪರೆಯ ತಾಣವಾಯಿತು. ಈ ಊರಿನ ದೇವತೆಗೆ ಸಲ್ಲುತ್ತಿದ್ದ ದೊಡ್ಡ ಹಬ್ಬದ ಅಂಗವಾಗಿ ಮುಖವಾಡದ ಆಟ ನಡೆಯುತ್ತಿತ್ತು. ಅದು ಪ್ರತಿ ವರ್ಷ ನಡೆಯುತ್ತಿದ್ದ ಆಟವಲ್ಲ, ಹತ್ತು ವರ್ಷಕ್ಕೊಮ್ಮೆ ಅಥವಾ ದೇವತೆಯ ಅಪ್ಪಣೆಯಾದಾಗ ನಡೆಯುತ್ತಿದ್ದದ್ದು. ಜಪಾನೀಯರ ಆಳ್ವಿಕೆಯ ಕಾಲದಲ್ಲಿ, 1928ರ ನಂತರ, ಆಟ ನಿಂತುಹೋಯಿತು. 1970ರ ದಶಕದಲ್ಲಿ ಹಿರಿಯರ ನೆನಪುಗಳನ್ನು ಕೂಡಿಸಿ ಮತ್ತೆ ಕಟ್ಟಿದರು, 1980ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಅಮೂರ್ತ ಪರಂಪರೆ ಎಂದು ಮಾನ್ಯ ಮಾಡಿತು. ಅರ್ಧ ಶತಮಾನದಷ್ಟು ಕಾಲ ಕುಣಿತವಿಲ್ಲದೆ ಮುಖವಾಡಗಳು ಮಾತ್ರ ಉಳಿದಿದ್ದ ಊರು ಎಂಬ ಕಾರಣಕ್ಕೇ ನೀವು ಇದನ್ನು ನೋಡಬೇಕು.

ಮುಖವಾಡಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಂಗ್‌ಬಾನ್ ಎಂದರೆ ಅಲ್ಲಿನ ಹಳೆಯ ಜಮೀನ್ದಾರಿ ಪಂಡಿತ ವರ್ಗ. ಆ ಪಾತ್ರದ ಮುಖವಾಡದಲ್ಲಿ ಕೆಳದವಡೆಯನ್ನು ಬೇರೆಯಾಗಿ ಕೆತ್ತಿ, ದಾರದಿಂದ ಮೇಲಿನ ಭಾಗಕ್ಕೆ ಕಟ್ಟಿರುತ್ತಾರೆ. ಪಾತ್ರಧಾರಿ ತಲೆಯನ್ನು ಹಿಂದಕ್ಕೆ ವಾಲಿಸಿದರೆ ದವಡೆ ಕೆಳಗೆ ಸರಿದು ಬಾಯಿ ತೆರೆಯುತ್ತದೆ, ಮುಖ ಗಹಗಹಿಸಿ ನಗುತ್ತದೆ; ತಲೆಯನ್ನು ಮುಂದಕ್ಕೆ ತಗ್ಗಿಸಿದರೆ ತುಟಿಗಳು ಕೂಡಿಕೊಂಡು ಅದೇ ಮುಖ ಸಿಡುಕಿನದಾಗುತ್ತದೆ. ಗಾಜಿನ ಹಿಂದೆ ನೇರವಾಗಿ ನಿಲ್ಲಿಸಿದ ಮುಖವಾಡದಲ್ಲಿ ಇದು ಯಾವ ರೀತಿಯಲ್ಲಿಯೂ ತಿಳಿಯುವುದಿಲ್ಲ, ಆಟದ ಅಂಗಳದಲ್ಲಿ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇಮೆ ಎಂಬ ಪೆದ್ದ ಆಳಿನ ಮುಖವಾಡಕ್ಕಂತೂ ದವಡೆಯೇ ಇಲ್ಲ. ದೇವರ ಅಪ್ಪಣೆಯಂತೆ ಏಕಾಂತದಲ್ಲಿ ಮುಖವಾಡ ಕೆತ್ತುತ್ತಿದ್ದ ಹೊ ಎಂಬ ಯುವಕನನ್ನು, ಅವನಿಗೆ ಮನಸೋತ ಹುಡುಗಿಯೊಬ್ಬಳು ಬಾಗಿಲ ಸಂದಿನಿಂದ ಇಣುಕಿ ನೋಡಿದಳೆಂದೂ, ಆ ಕ್ಷಣದಲ್ಲೇ ಅವನು ರಕ್ತ ಕಾರಿ ಸತ್ತನೆಂದೂ, ಆಗ ಕೈಯಲ್ಲಿದ್ದ ಮುಖವಾಡ ಅರ್ಧಕ್ಕೇ ನಿಂತಿತೆಂದೂ ಊರಿನವರು ಕಥೆ ಹೇಳುತ್ತಾರೆ. ಮಡಿ ಮುರಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ತಾಲ್ಲೂಕಿನ ಹಳ್ಳಿಯವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಮೂಲ ಮುಖವಾಡಗಳು ರಾಷ್ಟ್ರೀಯ ನಿಧಿ ಎಂದು ಘೋಷಿತವಾದವು. 1964ರಿಂದ ಅವು ಸೋಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಶದಲ್ಲಿದ್ದು, 2017ರ ಕೊನೆಯಲ್ಲಿ ಆಂದೊಂಗ್‌ಗೆ ಮರಳಿದವು. ಊರಿನ ವಸ್ತು ಊರಿಗೆ ಬರಬೇಕೆಂಬ ಹಟವನ್ನು ಅಲ್ಲಿನವರು ಇಷ್ಟು ಕಾಲ ಬಿಡದೆ ಹಿಡಿದರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಈಗ ಆಡುವವರು ಧರಿಸುವುದು ಹೊಸದಾಗಿ ಕೆತ್ತಿದವನ್ನು. ಹಳ್ಳಿಯ ಪ್ರವೇಶದ ಬಳಿ ಮುಖವಾಡಗಳದೇ ಒಂದು ಸಂಗ್ರಹಾಲಯವಿದೆ, ಬೇರೆ ಬೇರೆ ದೇಶಗಳ ಮುಖವಾಡಗಳೂ ಅಲ್ಲಿವೆ. ಉತ್ಸವ ಇಲ್ಲದ ಕಾಲದಲ್ಲಿಯೂ ವಾರದ ಹಲವು ದಿನ ಮಧ್ಯಾಹ್ನ 2 ಗಂಟೆಗೆ ಹಳ್ಳಿಯ ತರಬೇತಿ ಕೇಂದ್ರದಲ್ಲಿ ಆಟ ನಡೆಯುತ್ತದೆ. ಮೊದಲು ಆಟ ನೋಡಿ, ಆಮೇಲೆ ಸಂಗ್ರಹಾಲಯಕ್ಕೆ ಹೋಗಿ. ಕಸಾಯಿಯವನು, ಮುದುಕಿ, ಕೆಟ್ಟ ಸನ್ಯಾಸಿ, ಯಾರಿಗೆ ಹೆಚ್ಚು ಶಾಸ್ತ್ರ ಗೊತ್ತೆಂದು ಜಗಳವಾಡುವ ಯಾಂಗ್‌ಬಾನ್ ಮತ್ತು ಪಂಡಿತ, ಅವರಿಬ್ಬರನ್ನೂ ಅಣಕಿಸುವ ಆಳು ಇವರೆಲ್ಲರ ಮಾತು ಕೊರಿಯನ್ ಭಾಷೆಯಲ್ಲೇ ಇದ್ದರೂ, ಮಗಳು ಪಕ್ಕದಲ್ಲಿದ್ದರೆ ತೊಂದರೆಯಾಗದು. ಪ್ರಭುಗಳನ್ನು ಹಾಸ್ಯ ಮಾಡುವ ಈ ಆಟಕ್ಕೆ ಆ ಪ್ರಭುಗಳ ಮನೆತನವೇ ಆಶ್ರಯ ಕೊಟ್ಟಿತ್ತು ಎಂಬುದನ್ನು ಗಮನದಲ್ಲಿಟ್ಟುಕೊಂಡು ನೋಡಿ.

ಸೋಲ್‌ನಲ್ಲಿ ನೋಡಬೇಕಾದದ್ದು ಬಹಳ ಇದೆ, ಆದರೆ ನಿಮ್ಮ ಉದ್ದೇಶಕ್ಕೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಆವರಣದಲ್ಲಿರುವ ರಾಷ್ಟ್ರೀಯ ಜಾನಪದ ವಸ್ತುಸಂಗ್ರಹಾಲಯವೇ ಮುಖ್ಯ. ಅಲ್ಲಿ ಪ್ರವೇಶಕ್ಕೆ ಹಣವಿಲ್ಲ. ಒಂದು ಅಂಕಣದಲ್ಲಿ ವರ್ಷದ ನಾಲ್ಕು ಋತುಗಳ ಕೆಲಸ ಮತ್ತು ಹಬ್ಬಗಳನ್ನೂ, ಇನ್ನೊಂದರಲ್ಲಿ ಹುಟ್ಟಿನಿಂದ ಸಾವಿನವರೆಗಿನ ಸಂಸ್ಕಾರಗಳನ್ನೂ ಜೋಡಿಸಿದ್ದಾರೆ. ಹೆಣ ಹೊರುವ ಬಣ್ಣದ ಚಟ್ಟವನ್ನು ನೋಡದೆ ಹೊರಗೆ ಬರಬೇಡಿ. ಅರಮನೆಗೆ ಮಂಗಳವಾರ ರಜೆ.

ಸಿರಾ ಸೀಮೆ

ಮೇಲಿನವರು ಬರೆದ ಒಂದೊಂದು ವಿವರವೂ ಉಪಯುಕ್ತವಾದದ್ದೇ. ಆದರೂ ಆಂದೊಂಗ್ ಉತ್ಸವದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದು ವೇದಿಕೆ, ಧ್ವನಿವರ್ಧಕ, ವಿದೇಶಿ ತಂಡಗಳು, ತಿಂಡಿ ಮಳಿಗೆಗಳಿರುವ ನಗರದ ಉತ್ಸವ. ಹಾಹ್ವೆಯಲ್ಲಿ ಈಗ ಪ್ರವಾಸಿಗರ ಮುಂದೆ ನಡೆಯುವ ಆಟದಲ್ಲಿ ಕಲೆ ಉಳಿದಿದೆ, ಶ್ರದ್ಧೆಯಿಂದ ಕಲಿಸುತ್ತಿದ್ದಾರೆ ಎಂಬುದು ನಿಜ. ಆದರೆ ಮೇಷ್ಟ್ರು ಕೇಳುತ್ತಿರುವುದು ದೇವರು ಇನ್ನೂ ನಡುವೆ ಇರುವ ಹಬ್ಬವನ್ನು. ಅದಕ್ಕೆ ಪೂರ್ವ ಕರಾವಳಿಯ ಗಂಗ್‌ನಂಗ್ ಪಟ್ಟಣದ ದಾನೋ ಹಬ್ಬವೇ ಸರಿಯಾದ ಉತ್ತರ. ಯುನೆಸ್ಕೊ ಇದನ್ನು 2005ರಲ್ಲಿಯೇ ಗುರುತಿಸಿತ್ತು.

ಈ ಹಬ್ಬ ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನದ ಸುತ್ತ ನಡೆಯುತ್ತದೆ, ಆದರೆ ಶುರುವಾಗುವುದು ಒಂದು ತಿಂಗಳು ಮೊದಲೇ, ದೇವರ ನೈವೇದ್ಯಕ್ಕೆ ಮದ್ಯ ಹುದುಗಿಸುವುದರಿಂದ. ಅದಕ್ಕೆ ಬೇಕಾದ ಅಕ್ಕಿಯನ್ನು ಊರಿನ ಜನ ತಮ್ಮ ಮನೆಗಳಿಂದ ತಂದು ಒಪ್ಪಿಸುತ್ತಾರೆ. ನಾಲ್ಕನೆಯ ತಿಂಗಳ ಹುಣ್ಣಿಮೆಯಂದು ದೇಗ್ವಾಲ್ಯೊಂಗ್ ಕಣಿವೆದಾರಿಯ ಬೆಟ್ಟಕ್ಕೆ ಹೋಗಿ, ಅಲ್ಲಿನ ಗುಡಿಗಳಲ್ಲಿ ಪೂಜೆ ಮುಗಿಸಿ, ದೇವರು ಇಳಿದು ಬಂದ ಮರದ ಕೊಂಬೆಯೊಂದನ್ನು ಕಡಿದು, ಅದಕ್ಕೆ ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳನ್ನು ಕಟ್ಟಿ ಮೆರವಣಿಗೆಯಲ್ಲಿ ಕೆಳಗೆ ತರುತ್ತಾರೆ. ಆ ದೇವರು ಸಿಲ್ಲಾ ಎಂಬ ಹಳೆಯ ರಾಜ್ಯದ ಕಾಲದ ಬೊಮಿಲ್ ಎಂಬ ಬೌದ್ಧ ಭಿಕ್ಷು ಎಂದು ಪ್ರತೀತಿ. ಊರಿನ ಜೊಂಗ್ ಮನೆತನದ ಹುಡುಗಿಯನ್ನು ಹುಲಿಯನ್ನು ಕಳಿಸಿ ಬೆಟ್ಟಕ್ಕೆ ಕರೆಸಿಕೊಂಡು ಮದುವೆಯಾದನೆಂದು ಕಥೆ. ಆದ್ದರಿಂದ ಬೆಟ್ಟದಿಂದ ಇಳಿದ ದೇವರು ಮೊದಲು ಹೆಂಡತಿಯ ಗುಡಿಗೆ ಬಂದು, ಹಬ್ಬದವರೆಗೂ ಇಬ್ಬರೂ ಜೊತೆಯಲ್ಲಿರುತ್ತಾರೆ. ಆಮೇಲೆ ಇಬ್ಬರನ್ನೂ ನಮ್‌ದೆಚಾನ್ ನದಿಯ ದಡದ ಚಪ್ಪರಕ್ಕೆ ಕರೆತಂದು, ಮುದಾಂಗ್ ಎನ್ನುವ ಪೂಜಾರಿಣಿಯರು ದಿನಗಟ್ಟಲೆ ಹಾಡುತ್ತಾ ಕುಣಿಯುತ್ತಾ ಸೇವೆ ಮಾಡುತ್ತಾರೆ. ಹೆಂಗಸರು ಬಜೆಯ ಜಾತಿಯ ಗಿಡದ ಎಲೆ ಬೇಯಿಸಿದ ನೀರಿನಲ್ಲಿ ತಲೆ ತೊಳೆದುಕೊಳ್ಳುತ್ತಾರೆ, ಎತ್ತರದ ಉಯ್ಯಾಲೆ ಜೀಕುತ್ತಾರೆ, ಗಂಡಸರು ಕುಸ್ತಿ ಆಡುತ್ತಾರೆ. ಮಾತೇ ಇಲ್ಲದ ಮುಖವಾಡದ ಆಟವೊಂದೂ ಇದೆ. ಹಿಂದೆ ಸರ್ಕಾರಿ ಕಚೇರಿಯ ಜೀತದಾಳುಗಳು ಅದನ್ನು ಆಡುತ್ತಿದ್ದರು.

ಸೋಲ್‌ನಿಂದ ಗಂಗ್‌ನಂಗ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಸಾಧ್ಯವಿದ್ದರೆ ನಿಮ್ಮ ಪ್ರವಾಸವನ್ನು ಮುಂದಿನ ವರ್ಷದ ಜೂನ್ ತಿಂಗಳ ಆಸುಪಾಸಿಗೆ ಹಾಕಿಕೊಳ್ಳಿ ಎಂದೇ ಹೇಳುತ್ತೇನೆ. ಸಾಧ್ಯವಿಲ್ಲದಿದ್ದರೆ ಸೋಲ್‌ನಲ್ಲಿಯೇ ಇನ್‌ವಾಂಗ್ ಬೆಟ್ಟದ ಮೇಲಿರುವ ಗುಕ್‌ಸಾದಾಂಗ್ ಗುಡಿಗೆ ಹತ್ತಿ ಹೋಗಿ. ಈ ಗುಡಿ ಮೊದಲು ನಮ್‌ಸಾನ್ ಬೆಟ್ಟದಲ್ಲಿತ್ತು. ಜಪಾನೀಯರು ಅಲ್ಲಿ ತಮ್ಮ ಶಿಂಟೋ ಗುಡಿ ಕಟ್ಟಿದಾಗ, 1925ರಲ್ಲಿ, ಇದನ್ನು ಇಲ್ಲಿಗೆ ಸಾಗಿಸಬೇಕಾಯಿತು. ಹರಕೆ ಹೊತ್ತ ಕುಟುಂಬಗಳು ಇಂದಿಗೂ ಪೂಜಾರಿಣಿಯರನ್ನು ಕರೆಸಿ ಇಲ್ಲಿ ಸೇವೆ ಮಾಡಿಸುತ್ತವೆ. ಅದು ಒಂದು ಮನೆಯವರ ಸಂಕಟದ, ನಂಬಿಕೆಯ ವಿಷಯವಾದ್ದರಿಂದ ಅನುಮತಿಯಿಲ್ಲದೆ ಫೋಟೊ ತೆಗೆಯಬಾರದು, ಕರೆಯದೆ ಒಳಗೆ ಹೋಗಬಾರದು. ದೂರದಲ್ಲಿ ಕೈಕಟ್ಟಿ ನಿಂತರೆ ಯಾರೂ ಏನೂ ಅನ್ನುವುದಿಲ್ಲ.

ಅಂತರಗಂಗೆ (ಕೋಲಾರ)

ನಾನು ಕಂಪನಿಯ ಕೆಲಸದ ಮೇಲೆ ದಕ್ಷಿಣ ಭಾಗದ ಚಾಂಗ್ವೊನ್‌ನಲ್ಲಿದ್ದವನು, ಆದ್ದರಿಂದ ಸೋಲ್‌ಗಿಂತ ಗ್ಯೊಂಗ್‌ಜು ಮತ್ತು ಗಿಮ್ಹೆಗಳೇ ನನಗೆ ಹೆಚ್ಚು ಪರಿಚಿತ. ಜಾನಪದದ ಜೊತೆಗೆ ಹಳೆಯ ಅರಸರ ಕಾಲವನ್ನೂ ನೋಡಬೇಕೆಂದರೆ ಗ್ಯೊಂಗ್‌ಜುವನ್ನು ಬಿಡಬಾರದು. ಅದು ಸಿಲ್ಲಾ ರಾಜ್ಯದ ರಾಜಧಾನಿಯಾಗಿತ್ತು. ಪಟ್ಟಣದ ನಡುವೆಯೇ ಹುಲ್ಲು ಬೆಳೆದ ಗುಡ್ಡಗಳಂತೆ ಅರಸರ ಸಮಾಧಿಗಳು ನಿಂತಿವೆ. 1973ರಲ್ಲಿ ಚೊನ್‌ಮಾಚೊಂಗ್ ಎಂಬ ಸಮಾಧಿಯನ್ನು ಅಗೆದಾಗ ಸಿಕ್ಕ ಚಿನ್ನದ ಕಿರೀಟ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತೆಳುವಾಗಿ ಬಡಿದ ಚಿನ್ನದ ತಗಡನ್ನು ಮರದ ಕೊಂಬೆಗಳಂತೆಯೂ ಜಿಂಕೆಯ ಕೊಂಬಿನಂತೆಯೂ ಕತ್ತರಿಸಿ ನಿಲ್ಲಿಸಿ, ಅದರ ತುಂಬ ಬಾಗಿದ ಹಸಿರು ಕಲ್ಲುಗಳನ್ನೂ ಚಿನ್ನದ ಸಣ್ಣ ಬಿಲ್ಲೆಗಳನ್ನೂ ತಂತಿಯಲ್ಲಿ ತೂಗುಬಿಟ್ಟಿದ್ದಾರೆ. ನೂರು ವರ್ಷಕ್ಕೂ ಮೀರಿ ಚಿನ್ನ ಅಗೆದು, 2001ರಲ್ಲಿ ಗಣಿ ಮುಚ್ಚಿದ ಜಿಲ್ಲೆಯವನು ನಾನು. ನಮ್ಮ ನೆಲದಿಂದ ಹೊರಬಂದ ಚಿನ್ನದಲ್ಲಿ ನೋಡುವಂಥದ್ದು ನಮ್ಮ ಊರಿನಲ್ಲಿ ಏನೂ ಉಳಿಯಲಿಲ್ಲವಲ್ಲ ಎಂಬ ನೋವು ಆ ಕಿರೀಟದ ಮುಂದೆ ನಿಂತಾಗ ಬಾರದೆ ಇರಲಿಲ್ಲ.

ಅದೇ ಸಂಗ್ರಹಾಲಯದ ಅಂಗಳದಲ್ಲಿ ಕ್ರಿ.ಶ. 771ರಲ್ಲಿ ಎರಕ ಹೊಯ್ದ, ಸುಮಾರು 19 ಟನ್ ತೂಕದ ಕಂಚಿನ ಗಂಟೆ ಇದೆ. ಈಗ ಅದನ್ನು ಬಾರಿಸುವುದಿಲ್ಲ, ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ. ಎರಕ ಕೂಡದೆ ಹೋದಾಗ ಮಗುವೊಂದನ್ನು ಬಲಿ ಕೊಟ್ಟರೆಂದೂ, ಗಂಟೆಯ ನಾದದಲ್ಲಿ ಮಗು ತಾಯಿಯನ್ನು ಕರೆಯುವುದು ಕೇಳುತ್ತದೆಂದೂ ಜನಪದ ಕಥೆ ಇದೆ. ಕೆರೆಗೆ ಹಾರವಾದ ಹೆಣ್ಣುಮಕ್ಕಳ ಹಾಡು ಕೇಳಿ ಬೆಳೆದ ನಮಗೆ ಆ ಕಥೆ ಪರದೇಶದ್ದು ಎನಿಸುವುದಿಲ್ಲ. ಬುಲ್ಗುಕ್‌ಸಾ ದೇವಾಲಯ ಮತ್ತು ಬೆಟ್ಟದ ಮೇಲಿನ ಸೊಕ್ಕುರಾಮ್ ಬುದ್ಧನನ್ನೂ ಇದೇ ಊರಿನಲ್ಲಿ ನೋಡಬಹುದು. ಅವೆರಡೂ 1995ರಲ್ಲಿ ವಿಶ್ವ ಪರಂಪರೆಯ ತಾಣಗಳಾದವು.

ಭಾರತೀಯರು ಅಂದ ಕೂಡಲೇ ಅಲ್ಲಿನ ಅನೇಕರು ಗಿಮ್ಹೆಯ ರಾಣಿ ಹೊ ಹ್ವಾಂಗ್-ಒಕ್ ಅವರ ಹೆಸರನ್ನು ಎತ್ತುತ್ತಾರೆ. ಆಯುತಾ ಎಂಬ ದೇಶದ ರಾಜಕುಮಾರಿ ಹದಿನಾರನೆಯ ವಯಸ್ಸಿನಲ್ಲಿ ಹಡಗಿನಲ್ಲಿ ಬಂದು, ಕ್ರಿ.ಶ. 48ರಲ್ಲಿ ಗಯಾ ರಾಜ್ಯದ ಸುರೋ ಅರಸನನ್ನು ಮದುವೆಯಾದಳೆಂದು, ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಭಿಕ್ಷು ಸಂಗ್ರಹಿಸಿದ ಗ್ರಂಥದಲ್ಲಿದೆ. ಆಯುತಾ ಎಂದರೆ ಅಯೋಧ್ಯೆಯೇ ಎಂದು ಬಹಳ ಮಂದಿ ನಂಬುತ್ತಾರೆ, ಅಯೋಧ್ಯೆಯಲ್ಲಿ 2001ರಲ್ಲಿ ಆಕೆಯ ಸ್ಮಾರಕವೂ ಆಯಿತು. ಆದರೆ ಘಟನೆಗೂ ಬರಹಕ್ಕೂ ನಡುವೆ ಸಾವಿರದ ಇನ್ನೂರು ವರ್ಷಗಳ ಅಂತರವಿರುವುದರಿಂದ ಇದನ್ನು ಇತಿಹಾಸವೆಂದು ಹೇಳದೆ ಐತಿಹ್ಯವೆಂದು ತಿಳಿಯುವುದೇ ಸರಿ. ಗಿಮ್ಹೆಯಲ್ಲಿ ರಾಣಿಯ ಸಮಾಧಿ ಇದೆ, ಆಕೆ ಹಡಗಿನಲ್ಲಿ ತಂದಳೆನ್ನುವ ಕಲ್ಲಿನ ಸಣ್ಣ ಗೋಪುರವಿದೆ, ಗಯಾ ಕಾಲದ ಕಬ್ಬಿಣದ ಕವಚಗಳಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಗಯಾ ಸಮಾಧಿಗಳನ್ನು 2023ರಲ್ಲಿ ವಿಶ್ವ ಪರಂಪರೆಗೆ ಸೇರಿಸಿದ್ದಾರೆ.

ಊಟದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ತರಕಾರಿಯದೆಂದು ಕಾಣುವ ಕಿಮ್ಚಿ ಎಂಬ ಉಪ್ಪಿನಕಾಯಿಯಂಥ ವ್ಯಂಜನದಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸವಿರುತ್ತದೆ, ಸಾರುಗಳ ತಿಳಿಯನ್ನು ಒಣಮೀನಿನಿಂದ ತೆಗೆದಿರುತ್ತಾರೆ. ಬಿಬಿಂಬಾಪ್ ಎನ್ನುವ ಅನ್ನ ತರಕಾರಿಯ ಊಟವನ್ನು ಮಾಂಸ, ಮೊಟ್ಟೆ ಬೇಡವೆಂದು ಮೊದಲೇ ಹೇಳಿ ಮಾಡಿಸಿಕೊಳ್ಳಬಹುದು. ಎಲ್ಲಕ್ಕಿಂತ ನೆಮ್ಮದಿ ಕೊಡುವುದು ಬೌದ್ಧ ವಿಹಾರಗಳ ಊಟ: ಅದರಲ್ಲಿ ಮಾಂಸ ಮೀನುಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ. 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಶುರುವಾದ ವಿಹಾರ ವಾಸ್ತವ್ಯದ ಏರ್ಪಾಡು ಈಗ ದೇಶದ ಅನೇಕ ಕಡೆ ಇದೆ. ಒಂದು ರಾತ್ರಿ ಉಳಿದರೆ ಊಟವೂ ಆಯಿತು, ನಸುಕಿನ ಪೂಜೆ ನೋಡಿದಂತೆಯೂ ಆಯಿತು. ಊರಿಂದ ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ.

ತುರುವೇಕೆರೆ ಮೇಷ್ಟ್ರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬೇರ್ಪಟ್ಟ ದವಡೆಯ ಮುಖವಾಡದ ವಿವರವನ್ನು ನಮ್ಮೂರಿನ ಸೋಮನ ಕುಣಿತದ ಹಿರಿಯರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಅದನ್ನೇ ಕೇಳುತ್ತಾ ಕುಳಿತಿದ್ದು, ಆ ದಾರವನ್ನು ಎಲ್ಲಿ ಗಂಟು ಹಾಕುತ್ತಾರೆ ಎಂಬುದನ್ನು ನೋಡಿಕೊಂಡು ಬರಬೇಕೆಂದು ಅಪ್ಪಣೆ ಮಾಡಿದ್ದಾರೆ. ಸಿರಾದವರ ಮಾತು ನ್ಯಾಯವಾದದ್ದೇ, ಆದರೆ ಮಗಳ ರಜೆಯ ದೃಷ್ಟಿಯಿಂದ ಜೂನ್ ಆಗುವುದಿಲ್ಲ. ಆದ್ದರಿಂದ ಆಂದೊಂಗ್ ಮತ್ತು ಗ್ಯೊಂಗ್‌ಜು ಎಂದು ನಿರ್ಧರಿಸಿದ್ದೇವೆ. ಇನ್‌ವಾಂಗ್ ಬೆಟ್ಟವನ್ನು ಮೆಟ್ಟಿಲುಗಳನ್ನು ನೋಡಿ ತೀರ್ಮಾನಿಸುತ್ತೇವೆ.

ಇನ್ನೊಂದು ಸಂದೇಹ ಉಳಿದಿದೆ. ಸೆಪ್ಟೆಂಬರ್ 25ಕ್ಕೆ ಚೂಸಕ್ ಎಂಬ ದೊಡ್ಡ ಹಬ್ಬ ಬರುತ್ತದೆ, ಅಂದು ಅಲ್ಲಿಯೂ ಹಿರಿಯರಿಗೆ ಎಡೆ ಇಡುತ್ತಾರೆ ಎಂದು ಮಗಳು ಹೇಳುತ್ತಿದ್ದಾಳೆ. ಅವಳ ಸಹಪಾಠಿಯೊಬ್ಬಳು ತನ್ನ ಅಜ್ಜಿಯ ಮನೆಗೆ ನಮ್ಮನ್ನು ಕರೆದಿದ್ದಾಳಂತೆ. ಹೋಗುವುದು ಉಚಿತವೇ, ಹೋದರೆ ಹೇಗೆ ನಡೆದುಕೊಳ್ಳಬೇಕು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಕರೆದಿದ್ದರೆ ಖಂಡಿತವಾಗಿ ಹೋಗಿ, ಮೇಷ್ಟ್ರೇ. ಯಾವ ಸಂಗ್ರಹಾಲಯಕ್ಕೂ ಕೊಡಲಾಗದ್ದು ಆ ಮನೆಯಲ್ಲಿ ಸಿಗುತ್ತದೆ. ಚೂಸಕ್ ಎಂಟನೆಯ ತಿಂಗಳ ಹುಣ್ಣಿಮೆ, ಈ ವರ್ಷ ನಮ್ಮ ಭಾದ್ರಪದದ ಹುಣ್ಣಿಮೆಯೂ ಹೆಚ್ಚುಕಡಿಮೆ ಅದೇ. ಬೆಳಿಗ್ಗೆಯೇ ಹೊಸ ಅಕ್ಕಿಯ ಅನ್ನ, ಹಣ್ಣು, ಮದ್ಯ, ಮತ್ತು ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸಿದ, ಎಳ್ಳಿನ ಹೂರಣದ ಕಡುಬಿನಂತಹ ಸೊಂಗ್‌ಪ್ಯೊನ್ ಇವುಗಳನ್ನು ಮೇಜಿನ ಮೇಲೆ ಗೊತ್ತಾದ ಕ್ರಮದಲ್ಲಿ ಜೋಡಿಸಿ, ಮನೆಯವರೆಲ್ಲ ಹಿರಿಯರಿಗೆ ಅಡ್ಡಬೀಳುತ್ತಾರೆ. ನಂತರ ಸಮಾಧಿಗೆ ಹೋಗಿ ಅಲ್ಲಿಯೂ ನಮಸ್ಕರಿಸುತ್ತಾರೆ. ಪೂಜೆಯ ಹೊತ್ತಿನಲ್ಲಿ ನೀವು ಹಿಂದೆ ನಿಂತಿರಿ, ಅವರು ಕರೆದರೆ ಮಾತ್ರ ಮುಂದೆ ಹೋಗಿ ಅವರಂತೆಯೇ ನಮಸ್ಕರಿಸಿ. ಅಜ್ಜಿಗೆ ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋಗುವುದು ವಾಡಿಕೆ. ಕೊಡುವಾಗಲೂ ಪಡೆಯುವಾಗಲೂ ಎರಡೂ ಕೈ ಬಳಸಿ. ಎಡೆಯಲ್ಲಿ ಮೀನು ಮಾಂಸಗಳೂ ಇರುತ್ತವೆ, ಆದ್ದರಿಂದ ನಿಮ್ಮ ಆಹಾರದ ವಿಷಯವನ್ನು ಮಗಳು ಮುಂಚಿತವಾಗಿ ತಿಳಿಸಿರಲಿ. ಹಬ್ಬದ ದಿನ ಬಡಿಸಿದ್ದನ್ನು ಬೇಡವೆಂದರೆ ಆ ಅಜ್ಜಿಗೆ ಬೇಸರವಾದೀತು.

ಚೂಸಕ್ ದಿನ ದೊಡ್ಡ ಸಂಗ್ರಹಾಲಯಗಳು ಮುಚ್ಚಿರುತ್ತವೆ, ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ಅರಮನೆಗಳಲ್ಲಿ, ಜಾನಪದ ಸಂಗ್ರಹಾಲಯದಲ್ಲಿ ಆಟ ಪಾಟಗಳ ಏರ್ಪಾಡು ಇರುತ್ತದೆ. ಇಡೀ ದೇಶವೇ ಊರಿಗೆ ಹೊರಡುವ ಸಮಯವಾದ್ದರಿಂದ ಆ ದಿನಗಳ ರೈಲು ಟಿಕೆಟ್ಟು ಮಾರಾಟ ಶುರುವಾದ ಕೂಡಲೇ ಖಾಲಿಯಾಗುತ್ತದೆ. ಆಂದೊಂಗ್ ಪ್ರಯಾಣವನ್ನು ರಜೆ ಮುಗಿದ ಮೇಲಿನ ವಾರದ ದಿನಕ್ಕೆ ಇಟ್ಟುಕೊಳ್ಳಿ. ಸೋಲ್‌ನ ಚೊಂಗ್ನ್ಯಾಂಗ್ನಿ ನಿಲ್ದಾಣದಿಂದ ಆಂದೊಂಗ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಹಾಹ್ವೆಗೆ ನಗರ ಸಾರಿಗೆಯ ಬಸ್ಸಿದೆ. ದಾರಿ ಹುಡುಕಲು ಗೂಗಲ್ ಮ್ಯಾಪ್‌ಗಿಂತ ನೇವರ್ ಮ್ಯಾಪ್ ಹೆಚ್ಚು ನಂಬಿಕೆಗೆ ಅರ್ಹ. ಮಗಳು ಜೊತೆಯಲ್ಲಿಲ್ಲದ ವೇಳೆಯಲ್ಲಿ ತೊಂದರೆಯಾದರೆ ಪ್ರವಾಸಿಗರ ಸಹಾಯವಾಣಿಯಾದ 1330 ಸಂಖ್ಯೆಗೆ ಕರೆ ಮಾಡಿ, ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ.

ದಾರದ ಗಂಟಿನ ವಿಷಯ: ಹಾಹ್ವೆಯಲ್ಲಿ ಆಟ ಮುಗಿದ ನಂತರ ಕಲಾವಿದರು ಮುಖವಾಡ ತೆಗೆದು ಪ್ರೇಕ್ಷಕರೊಂದಿಗೆ ನಿಂತು ಮಾತನಾಡುವುದುಂಟು. ನಿಮ್ಮ ಊರಿನ ಸೋಮನ ಚಿತ್ರವನ್ನು ಮೊಬೈಲಿನಲ್ಲಿ ಸಿದ್ಧವಾಗಿಟ್ಟುಕೊಂಡು, ಅದನ್ನು ತೋರಿಸಿ ಕೇಳಿ.